ನಲವತ್ತನಾಲ್ಕು ಸೇರು

ಭದ್ರಾವತಿಯ ಸುಣ್ಣದ ಭಟ್ಟಿಗೆ ಬೆನ್ನು ಕೊಟ್ಟು
ಹೊಸದಾಗಿ ನಿಂತಿವೆ ಎರಡು ಉಕ್ಕಿನ ಕಂಬ.
ಒಂದು ಹೊಗೆ ಕುಡಿಯುತ್ತದೆ, ಇನ್ನೊಂದು ಕಕ್ಕುತ್ತದೆ.
ನಡುವೆ ನಾನು, ರಾತ್ರಿ ಪಾಳಿ, ಕಿವಿಯಲ್ಲಿ ಹತ್ತಿ,
ಗಂಟೆಗೊಮ್ಮೆ ಬರೆಯುವವಳು:
ಎಷ್ಟು ಬಂತು, ಎಷ್ಟು ಸಿಕ್ಕಿತು, ಎಷ್ಟು ತಪ್ಪಿಸಿಕೊಂಡಿತು.

ಮೀನಿನ ವಾಸನೆಯ ದ್ರಾವಣ ಮೇಲಿಂದ ಇಳಿಯುತ್ತದೆ,
ಕೆಳಗಿಂದ ಹೊಗೆ ಏರುತ್ತದೆ.
ಎದುರುಬದುರಾದಲ್ಲಿ ಅಂಗಾರಾಮ್ಲವನ್ನಷ್ಟೇ ಆರಿಸಿ ಹಿಡಿಯುತ್ತದೆ,
ಸಂತೆಯ ಗದ್ದಲದಲ್ಲಿ ತನ್ನ ಮಗುವಿನ ಕೈಯನ್ನೇ
ತಡಕಿ ಹಿಡಿಯುವ ತಾಯಿಯ ಹಾಗೆ.
ಆಮೇಲೆ ಕಾಯಿಸಿದರೆ ಸಾಕು, ಕೈ ಬಿಡುತ್ತದೆ.
‘ತಾಯಿ ಹಂಗೆ ಬಿಡ್ತಾಳೇನಮ್ಮ?’ ಅಂದರು
ಫೋರ್‌ಮನ್ ಸೆಲ್ವಮಣಿ, ಚಹಾ ಆರಿಸುತ್ತ.

ಮೊದಲ ತಿಂಗಳು ಹಿಡಿದದ್ದನ್ನು ಇಡಲು ಜಾಗವೇ ಇರಲಿಲ್ಲ.
ಸಿಲಿಂಡರಿಗೆ ತುಂಬಿ ಶಿವಮೊಗ್ಗಕ್ಕೆ ಕಳಿಸಿದರು,
ಬುಡೇನ್ ಸಾಬರ ಸೋಡಾ ಮಿಷನ್ನಿಗೆ.
ಗೋಲಿ ಟಪ್ಪೆಂದು ಒಳಬಿತ್ತು, ನೊರೆ ಉಕ್ಕಿತು,
ಬೀಗರೂಟ ಮುಗಿಸಿ ಬಂದ ಯಾರೋ ಹಾಯಾಗಿ ತೇಗಿದರು.
ನನ್ನ ಮೂವತ್ತು ರಾತ್ರಿಗಳ ಲೆಕ್ಕ
ಒಂದು ತೇಗು.

ಈಗ ಕಲ್ಲು ಹುಡುಕುತ್ತಿದ್ದಾರೆ.
ಉಂಬ್ಳೇಬೈಲಿನ ಕಡೆ ಕೊರೆದು ತೆಗೆದ ಕಲ್ಲಿನ ಕೋಲು
ತೋಳಿನಷ್ಟು ದಪ್ಪ, ಹಸಿರುಗಪ್ಪು, ಕೈಗೆ ತಣ್ಣಗೆ.
‘ಇದು ಅನಿಲವನ್ನು ತಿಂದು ತನ್ನೊಳಗೇ ಬಿಳಿ ಗೆರೆಯಾಗಿಸುತ್ತೆ,
ಸಾವಿರ ವರ್ಷ ಅಲ್ಲಾಡಲ್ಲ’ ಎಂದರು ಭೂವಿಜ್ಞಾನದ ಲವೀನಾ ಮೇಡಂ
ಶಾಲೆಯ ಜಗುಲಿಯಲ್ಲಿ, ಮೈಕು ಹಿಡಿದು.
ಹಿಂದಿನ ಸಾಲಿನಿಂದ ಬೂದ್ಯಪ್ಪ ಎದ್ದ:
‘ನಮ್ಮ ಕಾಡು ಕಡಿದು ಇದ್ದಿಲು ಮಾಡಿ ಕಬ್ಬಿಣ ಕಾಯಿಸಿದ್ರಿ.
ಸುಟ್ಟವರಲ್ಲಿ ನಮ್ಮಜ್ಜನೂ ಒಬ್ಬ, ಇಲ್ಲ ಅನ್ನಲ್ಲ.
ಈಗ ಹೊಗೆ ತಂದು ಇಲ್ಲೇ ಹೂಳ್ತೀರಿ.
ಅಲ್ಲಿಗೆ ಲೆಕ್ಕ ಚುಕ್ತಾನಾ?’
ಮೇಡಂ ಸುಮ್ಮನಾದರು. ಮೈಕು ಮಾತ್ರ ಕುಂಯ್ಗುಟ್ಟಿತು.

ನನ್ನಜ್ಜಿ ಗಿಡ್ಡವ್ವ ಭಂಡಿಗುಡ್ಡದ ಕಲ್ಲು ಸುಟ್ಟವಳು.
ಸುಣ್ಣ ತಿಂದು ಬೆರಳ ಗೆರೆಯೆಲ್ಲ ಅಳಿಸಿ,
ರೇಷನ್ ಅಂಗಡಿಯ ಯಂತ್ರಕ್ಕೆ ಅವಳು
ಅವಳೆಂದು ಕೊನೆಗೂ ನಂಬಿಕೆಯಾಗಲಿಲ್ಲ.
ನೂರು ಸೇರು ಕಲ್ಲಿಗೆ ಐವತ್ತಾರು ಸೇರು ಸುಣ್ಣ.
ಮಿಕ್ಕ ನಲವತ್ತನಾಲ್ಕು ಎಲ್ಲಿ, ಎಂದರೆ
ಗಲ್ಲ ಎತ್ತಿ ಆಕಾಶ ತೋರಿಸುತ್ತಿದ್ದಳು.
‘ಗೋಡೆಗೆ ಬಳಿ. ಮನೇಲಿ ಜನ ಉಸಿರಾಡ್ತಾ ಉಸಿರಾಡ್ತಾ
ಅದು ಮತ್ತೆ ಕಲ್ಲಾಗುತ್ತೆ.’
ಮುದುಕಿಯ ಮಾತು ಅಂದುಕೊಂಡಿದ್ದೆ,
ಪಿಯುಸಿಯ ಪುಸ್ತಕದಲ್ಲಿ ಅದೇ ನಲವತ್ತನಾಲ್ಕು
ಅಂಕಿಯಾಗಿ ಕೂತದ್ದು ಕಾಣುವವರೆಗೆ.
ಒಲೆಗೆ ಹಾಕಿದ ಸೌದೆಯ ಹೊಗೆಯನ್ನು ಮಾತ್ರ
ಯಾವ ಗೋಡೆಯೂ ಕೇಳಲಿಲ್ಲ.

ಇಲ್ಲಿಯೂ ಹಾಗೇ. ದ್ರಾವಣ ಕಾಯಿಸಲು ಇನ್ನೊಂದು ಬಾಯ್ಲರ್,
ಅದರ ಹೊಗೆಗೆ ಕಂಬವಿಲ್ಲ, ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ.
ಬೆಳಿಗ್ಗೆ ಸೆಲ್ವಮಣಿ ಅದನ್ನು ಅಳಿಸುವುದಿಲ್ಲ,
ಓದುವುದೂ ಇಲ್ಲ.

ಹೋದ ಭಾನುವಾರ ಲ್ಯಾಬಿನ ಆಮ್ಲದ ಸಣ್ಣ ಬಾಟಲಿ
ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ.
ಅಜ್ಜಿ ಮಲಗುತ್ತಿದ್ದ ಮೂಲೆ. ಅವಳೇ ಬಳಿದ ಗೋಡೆ,
ತಲೆಯ ಎಣ್ಣೆ ತಾಗಿ ಕಪ್ಪಾದ ಗುರುತಿನ ಪಕ್ಕ
ಒಂದು ಹನಿ ಇಟ್ಟೆ.

ಜುಂಯ್ ಎಂದಿತು. ಬಿಳಿ ನೊರೆ.
ಹನ್ನೊಂದು ವರ್ಷ ಕಲ್ಲಾಗಿ ಕೂತದ್ದು
ನನ್ನ ಮೂಗಿನೆದುರೇ ಎದ್ದು ಹೋಯಿತು.
ಅದರಲ್ಲಿ ಅವಳದೆಷ್ಟು, ನಮ್ಮದೆಷ್ಟು,
ಒಲೆಯದೆಷ್ಟು ಎಂದು ಯಾವ ಮೀಟರೂ ಹೇಳಲಾರದು.

ಬಾಟಲಿಗೆ ಬಿರಡೆ ಹಾಕಿದೆ.
ಇನ್ನೊಂದು ಹನಿಗೆ ಕೈ ಬರಲಿಲ್ಲ.